ವ್ಯಾನಿನೊಳಗೆ ತಂತಿ ಹೊತ್ತಿಕೊಂಡಾಗ: ಚಾವಿ ತಿರುಗಿಸಿದರೂ ಹೊಗೆ ಏಕೆ ನಿಲ್ಲಲಿಲ್ಲ?

ಪ್ರಶ್ನೆ: ನಾವು ಚಿಂತಾಮಣಿಯವರು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು ಗ್ಯಾರೇಜಿನಲ್ಲಿ ಹಾಸಿಗೆ, ಅಡುಗೆ ಕಟ್ಟೆ, 12 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, 2000 ವಾಟ್ ಇನ್ವರ್ಟರ್ ಮತ್ತು ಮೇಲ್ಛಾವಣಿಗೆ ಸೋಲಾರ್ ಪ್ಯಾನೆಲ್ ಹಾಕಿಸಿಕೊಂಡಿದ್ದೇವೆ. ಕಳೆದ ತಿಂಗಳು ಆವಲಬೆಟ್ಟದ ಬುಡದಲ್ಲಿ ವ್ಯಾನ್ ನಿಲ್ಲಿಸಿ ಇಂಡಕ್ಷನ್ ಒಲೆಯ ಮೇಲೆ ಅನ್ನಕ್ಕಿಟ್ಟಿದ್ದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನೋಡನೋಡುತ್ತಿದ್ದಂತೆ ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಹೊಗೆ ಎದ್ದಿತು. ಮಂಡಿನೋವಿರುವ ಅತ್ತೆಯವರನ್ನೂ ಮಕ್ಕಳನ್ನೂ ನಾನು ಕೆಳಗಿಳಿಸಿದೆ. ಯಜಮಾನರು ಗಾಡಿಯ ಚಾವಿ ಆಫ್ ಮಾಡಿದರೂ ಹೊಗೆ ನಿಲ್ಲಲಿಲ್ಲ. ಸೀಟಿನ ಹಲಗೆ ಎತ್ತಿದೊಡನೆ ಬೆಂಕಿ ಭಗ್ಗೆಂದಿತು, ಒಂದು ಬಿಂದಿಗೆ ನೀರು ಸುರಿದರು. ಕೊನೆಗೆ ಅಲ್ಲಿದ್ದ ಲಾರಿ ಚಾಲಕರೊಬ್ಬರು ಸ್ಪ್ಯಾನರ್ ತಂದು ಬ್ಯಾಟರಿಯ ತಂತಿ ಕಳಚಿದ ಮೇಲೆ ಎಲ್ಲವೂ ತಣ್ಣಗಾಯಿತು. 16 ಚದರ ಮಿ.ಮೀ. ಎಂದು ಬರೆದಿರುವ ಕೆಂಪು ತಂತಿ ಸೀಟಿನ ಕಬ್ಬಿಣದ ಚೌಕಟ್ಟನ್ನು ದಾಟುವ ಜಾಗದಲ್ಲಿ ಕರಕಲಾಗಿದೆ. ಆದರೆ ಇನ್ವರ್ಟರ್ ಪಕ್ಕದಲ್ಲಿರುವ ಫ್ಯೂಸ್ ಹೋಗಿಲ್ಲ. ತಂತಿ ಬದಲಿಸಿ ಇನ್ನೂ ದೊಡ್ಡ ಫ್ಯೂಸ್ ಹಾಕಿದರೆ ಸಾಕೆಂದು ಗ್ಯಾರೇಜಿನವರು ಹೇಳುತ್ತಾರೆ. ಅದು ಸರಿಯೇ? ನೀರು ಹಾಕಿದ್ದು ತಪ್ಪೇ? ಯಾವ ಅಗ್ನಿಶಾಮಕ ಇಟ್ಟುಕೊಳ್ಳಬೇಕು? ಆ ಬ್ಯಾಟರಿಯನ್ನೇ ಮತ್ತೆ ಬಳಸಬಹುದೇ?

ಉತ್ತರ: ಮೊದಲಿಗೆ, ಮಂಡಿನೋವಿನ ಹಿರಿಯರನ್ನೂ ಮಕ್ಕಳನ್ನೂ ಇಳಿಸುವ ಕೆಲಸವನ್ನು ನೀವು ಬೇರೆಲ್ಲಕ್ಕಿಂತ ಮುಂಚೆ ಮಾಡಿದ್ದೀರಿ. ಆ ದಿನ ನಡೆದುದರಲ್ಲಿ ಅದಕ್ಕಿಂತ ಸರಿಯಾದ ಕೆಲಸ ಇನ್ನೊಂದಿಲ್ಲ. ಸುಡುವ ಪಿವಿಸಿ ತಂತಿ ಮತ್ತು ಸೀಟಿನ ಫೋಮಿನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಕಣ್ಣು ಗಂಟಲನ್ನು ಸುಡುವ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಇರುತ್ತದೆ. ವ್ಯಾನಿನಷ್ಟು ಚಿಕ್ಕ ಜಾಗದಲ್ಲಿ ಅದು ತಲೆಯ ಮಟ್ಟಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇಂಥ ಅವಘಡಗಳಲ್ಲಿ ಜನ ಜ್ವಾಲೆಗಿಂತ ಮೊದಲು ಹೊಗೆಗೆ ಸೋಲುತ್ತಾರೆ.

ಇನ್ನು ಚಾವಿಯ ವಿಚಾರ. ಗಾಡಿಯ ಚಾವಿಗೆ ಸಂಬಂಧವಿರುವುದು ಎಂಜಿನ್ನಿನ ಬ್ಯಾಟರಿಗೆ, ಅದರಲ್ಲಿಯೂ ಕೆಲವು ತಂತಿಗಳಿಗೆ ಮಾತ್ರ. ನಿಮ್ಮ ಗ್ಯಾರೇಜಿನವರು ಹಿಂದೆ ಕೂರಿಸಿದ ಲಿಥಿಯಂ ಬ್ಯಾಟರಿ, ಅದರಿಂದ ಇನ್ವರ್ಟರಿಗೆ ಹೋಗುವ ದಪ್ಪ ತಂತಿ, ಸೋಲಾರ್ ಪ್ಯಾನೆಲ್ ಇವೆಲ್ಲ ಚಾವಿಯ ಹಿಡಿತದಿಂದ ಪೂರ್ತಿ ಹೊರಗಿವೆ. ಇನ್ವರ್ಟರಿನ ಸ್ವಿಚ್ ಆರಿಸಿದ್ದರೂ ಬ್ಯಾಟರಿಯಿಂದ ಇನ್ವರ್ಟರ್‌ವರೆಗಿನ ತಂತಿಯಲ್ಲಿ ವಿದ್ಯುತ್ ಹಾಗೆಯೇ ಇರುತ್ತದೆ. ಬ್ಯಾಟರಿಯ ಸಂಬಂಧ ಕಡಿಯುವವರೆಗೆ ಆ ಬೆಂಕಿಗೆ ಮೇವು ಸಿಗುತ್ತಲೇ ಇರುತ್ತದೆ, ಮೇಲೆ ಏನು ಸುರಿದರೂ ಅದು ಮತ್ತೆ ಹೊತ್ತಿಕೊಳ್ಳುತ್ತದೆ. ಲಾರಿ ಚಾಲಕರು ಮಾಡಿದ್ದು ಅದೇ ಕೆಲಸ. ಆದರೆ ಬೆಂಕಿಯೊಳಗೆ ಕೈ ಹಾಕಿ, ಸ್ಪ್ಯಾನರ್ ಹುಡುಕಿ ಮಾಡಬೇಕಾಗಿ ಬಂದುದು ವ್ಯಾನ್ ಕಟ್ಟಿದವರ ಲೋಪ. ಅದನ್ನು ಬಾಗಿಲ ಬಳಿ ನಿಂತು ಎರಡು ಸೆಕೆಂಡಿನಲ್ಲಿ ಮಾಡುವಂತಿರಬೇಕಿತ್ತು. ಈ ಉತ್ತರದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಎಂಜಿನ್ನಿನದಲ್ಲದೆ ಬೇರೆ ಬ್ಯಾಟರಿಯುಳ್ಳ ಯಾವ ವ್ಯಾನಿಗೂ ಬ್ಯಾಟರಿ ಕಟ್‌ಆಫ್ ಸ್ವಿಚ್ ಇರಲೇಬೇಕು, ಅದು ಬೆಂಕಿ ಹತ್ತಬಹುದಾದ ಪೆಟ್ಟಿಗೆಯೊಳಗೆ ಇರಕೂಡದು.

ನಿಮ್ಮ ವ್ಯಾನಿನಲ್ಲಿ ಏನಾಯಿತೆಂಬುದನ್ನು ನೀವು ಕೊಟ್ಟ ಮೂರು ವಿವರಗಳೇ ಹೇಳುತ್ತವೆ: ತಂತಿಯ ಗಾತ್ರ, ಕರಕಲಾದ ಜಾಗ, ಹೋಗದೆ ಉಳಿದ ಫ್ಯೂಸ್. ಇಂಡಕ್ಷನ್ ಒಲೆಗಳು ಪೂರ್ತಿ ಉರಿಯಲ್ಲಿ 1800ರಿಂದ 2000 ವಾಟ್ ಎಳೆಯುತ್ತವೆ. ಮನೆಯ 230 ವೋಲ್ಟಿನಲ್ಲಿ 1800 ವಾಟ್ ಎಂದರೆ 8 ಆಂಪಿಯರಿಗಿಂತ ಕಡಿಮೆ, ಮಾಮೂಲಿ ತಂತಿಗೆ ಅದು ಹೊರೆಯೇ ಅಲ್ಲ. ಅದೇ ಶಕ್ತಿಯನ್ನು 12 ವೋಲ್ಟಿನ ಬ್ಯಾಟರಿಯಿಂದ ತೆಗೆಯಬೇಕಾದರೆ, ಇನ್ವರ್ಟರಿನೊಳಗಿನ ನಷ್ಟವನ್ನೂ ಸೇರಿಸಿಕೊಂಡು ಸುಮಾರು 170 ಆಂಪಿಯರ್ ಹರಿಯಬೇಕು. ಬ್ಯಾಟರಿಯಿಂದ ಇನ್ವರ್ಟರಿಗೆ ಮೂರು ಮೀಟರ್ ದೂರವಿದೆ ಎಂದಿಟ್ಟುಕೊಳ್ಳೋಣ. ಹೋಗುವ ತಂತಿ, ಬರುವ ತಂತಿ ಸೇರಿ ಆರು ಮೀಟರ್. 16 ಚದರ ಮಿ.ಮೀ. ತಾಮ್ರಕ್ಕೆ ಅಷ್ಟು ಉದ್ದದಲ್ಲಿ ಸುಮಾರು 7 ಮಿಲಿಓಮ್ ರೋಧ ಇರುತ್ತದೆ. ಕೇಳಲು ಇದು ಲೆಕ್ಕಕ್ಕಿಲ್ಲದ ಸಂಖ್ಯೆ. ಆದರೆ ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 170 ಆಂಪಿಯರ್ ಹರಿಯುವಾಗ ಆ ತಂತಿಗಳಲ್ಲೇ 200 ವಾಟ್ ಶಾಖ ಹುಟ್ಟುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ, ಸೀಟಿನ ಅಡಿಯಲ್ಲಿ, ಅನ್ನ ಬೇಯುವಷ್ಟು ಹೊತ್ತು ಅದು ನಡೆಯಿತು.

ನಮ್ಮ ಕಡೆ ವೈರಿಂಗಿಗೆ ಬಳಸುವ ಸಾಧಾರಣ ಪಿವಿಸಿ ಹೊದಿಕೆಯ ತಂತಿ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಪ್ರಮಾಣಿತವಾದುದು. ಅದಕ್ಕಿಂತ ಮೇಲೇರಿದಾಗ ಹೊದಿಕೆ ಮೊದಲು ಮೆತ್ತಗಾಗುತ್ತದೆ. ಮೆತ್ತಗಾದ ಹೊದಿಕೆಯ ತಂತಿ ಸೀಟಿನ ಚೌಕಟ್ಟಿಗೆ ಕೊರೆದ ತೂತಿನ ಹರಿತವಾದ ಅಂಚಿನ ಮೇಲೆ ತನ್ನ ಭಾರ ಹಾಕಿ ಕುಳಿತಿತ್ತು. ಆ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಹಾಕಿದ್ದಾರೆಯೇ ಎಂದು ನೋಡಿ. ಹಾಕಿರಲಾರರು ಎಂದೇ ನನ್ನ ಅಂದಾಜು. ಅಂಚು ಹೊದಿಕೆಯನ್ನು ಸೀಳಿ ತಾಮ್ರವನ್ನು ಮುಟ್ಟಿದೆ, ಕಬ್ಬಿಣದ ಚೌಕಟ್ಟು ಗಾಡಿಯ ಬಾಡಿಗೆ ಸೇರಿದೆ, ಬ್ಯಾಟರಿಯ ನೆಗೆಟಿವ್ ಕೂಡ ಬಾಡಿಗೇ ಸೇರಿದೆ. ಅಲ್ಲಿಗೆ ದಾರಿ ಪೂರ್ತಿಯಾಯಿತು. ಕಿಡಿ ಹಾರಿ, ಲೋಹ ಕೆಂಪಾಗಿ, ಹೊದಿಕೆ ಹೊತ್ತಿಕೊಂಡಿದೆ.

ಫ್ಯೂಸ್ ಏಕೆ ಹೋಗಲಿಲ್ಲ? ಅದು ಇನ್ವರ್ಟರಿನ ಪಕ್ಕದಲ್ಲಿದೆ. ತಂತಿ ಬಾಡಿಯನ್ನು ಮುಟ್ಟಿದ್ದು ಬ್ಯಾಟರಿಗೂ ಫ್ಯೂಸಿಗೂ ನಡುವೆ. ಬಾಡಿಗೆ ಸೋರಿದ ಕರೆಂಟು ಫ್ಯೂಸಿನ ಮೂಲಕ ಹಾದುಹೋಗಲೇ ಇಲ್ಲ. ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್ಲುಗಳನ್ನು ಕಾಪಾಡುವ ಎಲೆಕ್ಟ್ರಾನಿಕ್ ಫಲಕ) ಕೂಡ ಏಕೆ ಕಡಿಯಲಿಲ್ಲ ಎಂದು ನೀವು ಕೇಳಬಹುದು. ಅದು ಪೂರ್ಣ ಶಾರ್ಟ್ ಸರ್ಕ್ಯೂಟ್ ಆದಾಗ ಕ್ಷಣದಲ್ಲಿ ಕಡಿಯುತ್ತದೆ, ನಿಜ. ಆದರೆ ಅರೆಬರೆ ತಾಗುವ ತಂತಿಯಲ್ಲಿ ಹರಿಯುವ ನೂರು ಆಂಪಿಯರನ್ನು ಅದು ಒಲೆಯ ಬಳಕೆ ಎಂದೇ ಎಣಿಸುತ್ತದೆ, ಏಕೆಂದರೆ ಅದಕ್ಕೆ ಗೊತ್ತಿರುವುದು ಪ್ರಮಾಣ ಮಾತ್ರ, ಕರೆಂಟು ಎಲ್ಲಿಗೆ ಹೋಗುತ್ತಿದೆ ಎಂಬುದು ಗೊತ್ತಿಲ್ಲ. ಬಿಎಂಎಸ್ ಇದೆಯೆಂದು ಫ್ಯೂಸ್ ಬಿಡುವುದು ಈಚೆಗೆ ಹೆಚ್ಚುತ್ತಿರುವ ಒಂದು ಅಪಾಯಕಾರಿ ರೂಢಿ.

ಕಡಿಮೆ ವೋಲ್ಟೇಜ್ ಎಂದರೆ ಕಡಿಮೆ ಅಪಾಯ ಎಂಬ ನಂಬಿಕೆಯೇ ಈ ತಪ್ಪುಗಳ ಬೇರು ಎಂದು ನಾನು ತಿಳಿದಿದ್ದೇನೆ. ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ 140 ಕಿ.ಮೀ.ಗೂ ಹೆಚ್ಚು ದೂರ ವಿದ್ಯುತ್ ತಂದಾಗ ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳುಹಿಸಿದರು. ವೋಲ್ಟೇಜ್ ಏರಿದಷ್ಟೂ ಅದೇ ಶಕ್ತಿಗೆ ಬೇಕಾದ ಪ್ರವಾಹ ಇಳಿಯುತ್ತದೆ, ಪ್ರವಾಹ ಇಳಿದಷ್ಟೂ ದಾರಿಯಲ್ಲಿ ತಂತಿ ಕಾಯುವುದು ತಪ್ಪುತ್ತದೆ. ಕ್ಯಾಂಪರ್‌ವ್ಯಾನಿನಲ್ಲಿ ನಾವು ಮಾಡುವುದು ಇದರ ತದ್ವಿರುದ್ಧ. 12 ವೋಲ್ಟ್ ಮುಟ್ಟಿದರೆ ಕೈಗೆ ಶಾಕ್ ಹೊಡೆಯುವುದಿಲ್ಲ, ಆದರೆ ಅದೇ 12 ವೋಲ್ಟ್ ತಂತಿಯನ್ನು ಕೆಂಪಗೆ ಕಾಯಿಸಬಲ್ಲದು. ಎಲ್ಲ ವ್ಯವಸ್ಥೆಯನ್ನೂ 24 ವೋಲ್ಟಿಗೆ ಬದಲಿಸಿದರೆ ಪ್ರವಾಹ ಅರ್ಧಕ್ಕೆ ಇಳಿಯುತ್ತದೆ, ಅದೇ ತಂತಿಯ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಇಂಡಕ್ಷನ್ ಒಲೆಯಲ್ಲೇ ದಿನದ ಅಡುಗೆ ಎಂದು ನೀವು ತೀರ್ಮಾನಿಸಿದ್ದರೆ ಈ ದಾರಿಯನ್ನು ಗಂಭೀರವಾಗಿ ಯೋಚಿಸಬೇಕು.

ಈಗ ಗ್ಯಾರೇಜಿನವರ ಸಲಹೆಗೆ ಬರುತ್ತೇನೆ. ತಂತಿ ಬದಲಿಸಿ ದೊಡ್ಡ ಫ್ಯೂಸ್ ಹಾಕುವುದನ್ನು ದಯವಿಟ್ಟು ಒಪ್ಪಬೇಡಿ. ಫ್ಯೂಸ್ ಇರುವುದು ತಂತಿಯನ್ನು ರಕ್ಷಿಸಲು. ತಂತಿ ತಾಳುವ ಪ್ರವಾಹಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಮೊದಲು ಕರಗುವುದು ತಂತಿ. ಕ್ರಮ ಹೀಗಿರಬೇಕು: ಉಪಕರಣ ಎಳೆಯುವ ಗರಿಷ್ಠ ಪ್ರವಾಹ ಎಷ್ಟೆಂದು ಮೊದಲು ಲೆಕ್ಕ ಹಾಕಿ, ಅದರ ಮೇಲೆ ಕಾಲು ಭಾಗ ಸೇರಿಸಿ ಫ್ಯೂಸ್ ಆರಿಸಿ, ಆ ಫ್ಯೂಸಿಗಿಂತ ಹೆಚ್ಚು ತಾಳುವ ತಂತಿ ಹಾಕಬೇಕು. 12 ವೋಲ್ಟಿನ 2000 ವಾಟ್ ಇನ್ವರ್ಟರಿಗೆ ಇದು 250 ಆಂಪಿಯರಿನ ಫ್ಯೂಸ್ ಮತ್ತು ಕನಿಷ್ಠ 70 ಚದರ ಮಿ.ಮೀ. ಅಪ್ಪಟ ತಾಮ್ರದ ಎಳೆ ತಂತಿ ಎಂದಾಗುತ್ತದೆ. ಹೆಚ್ಚಿನ ಬಿಸಿ ತಾಳುವ ಹೊದಿಕೆಯದ್ದೇ ಆಗಬೇಕು. ಬ್ಯಾಟರಿಯನ್ನೂ ಇನ್ವರ್ಟರನ್ನೂ ಒಂದೂವರೆ ಮೀಟರಿನೊಳಗೆ ತಂದುಕೊಂಡರೆ ತಂತಿಯ ಖರ್ಚೂ ಇಳಿಯುತ್ತದೆ, ಶಾಖವೂ ಇಳಿಯುತ್ತದೆ. ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ತಂತಿಗಳಿಂದ ದೂರವಿರಿ. ಎಳೆಯೊಂದನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದೇ ಅದರ ಗುರುತು.

ಆ ಫ್ಯೂಸ್ ಕೂರಬೇಕಾದ ಜಾಗ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ. ಅದಕ್ಕೂ ಬ್ಯಾಟರಿಗೂ ನಡುವಿನ ಆ ಗೇಣುದ್ದದ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲವಾದ್ದರಿಂದ ಅದನ್ನು ಕಬ್ಬಿಣಕ್ಕೆ ತಾಗದಂತೆ ಕೊಳವೆಯೊಳಗೆ ಇಡಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ಸಾವಿರಾರು ಆಂಪಿಯರ್ ಕಕ್ಕಬಲ್ಲುದು. ಕಾರುಗಳಲ್ಲಿ ಬಳಸುವ ಚಪ್ಪಟೆ ಬ್ಲೇಡ್ ಫ್ಯೂಸುಗಳು ಅಷ್ಟನ್ನು ಕಡಿಯಲಾರವು. ಕ್ಲಾಸ್ ಟಿ ಎಂಬ ಬಗೆಯದನ್ನು, ಇಲ್ಲವೇ ಡಿಸಿಗೆ (ಬ್ಯಾಟರಿ, ಸೋಲಾರಿನಿಂದ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿಗೆ) ಪ್ರಮಾಣಿತವಾದ ಎಚ್‌ಆರ್‌ಸಿ (ಭಾರೀ ಪ್ರವಾಹವನ್ನು ಕಡಿಯಬಲ್ಲ) ಫ್ಯೂಸನ್ನು ಕೇಳಿ ತರಿಸಿಕೊಳ್ಳಿ.

ಕಟ್‌ಆಫ್ ಸ್ವಿಚ್ಚಿನ ಜಾಗವನ್ನು ನೀವೇ ಗ್ಯಾರೇಜಿಗೆ ಹೋಗಿ ನಿಂತು ತೋರಿಸಬೇಕೆಂದು ನನ್ನ ಒತ್ತಾಯ. ಪಕ್ಕದ ಬಾಗಿಲು ತೆರೆದು, ನೆಲದ ಮೇಲೆ ನಿಂತು, ಒಳಗೆ ಹೆಜ್ಜೆ ಇಡದೆ ನಿಮ್ಮ ಕೈಗೆ ಎಟುಕಬೇಕು. ಬಸ್ಸು, ಲಾರಿಗಳಿಗೆ ಹಾಕುವ ತಿರುಗಿಸುವ ಸ್ವಿಚ್ ಸಾಕು, ಆದರೆ ಅದು 250 ಆಂಪಿಯರಿಗಿಂತ ಹೆಚ್ಚು ನಿರಂತರವಾಗಿ ತಾಳುವಂಥದ್ದಾಗಿರಬೇಕು. ದಪ್ಪ ತಂತಿಯನ್ನು ಬಾಗಿಲವರೆಗೆ ಎಳೆದು ತರುವುದು ಕಷ್ಟವಾದರೆ ಬ್ಯಾಟರಿಯ ಬಳಿ ರಿಮೋಟ್ ಕಾಂಟ್ಯಾಕ್ಟರ್ (ದೂರದ ಗುಂಡಿಯಿಂದ ನಡೆಯುವ ದೊಡ್ಡ ಸ್ವಿಚ್) ಇಟ್ಟು ಬಾಗಿಲ ಬಳಿ ಕೆಂಪು ಗುಂಡಿ ಕೊಡಬಹುದು; ಗುಂಡಿಯ ತಂತಿ ಸುಟ್ಟರೆ ಕಾಂಟ್ಯಾಕ್ಟರ್ ತಾನಾಗಿ ಸಂಬಂಧ ಕಡಿಯುವ ಬಗೆಯದನ್ನೇ ಆರಿಸಬೇಕು. ಸ್ವಿಚ್ ಎಲ್ಲಿದೆ, ಯಾವ ಕಡೆಗೆ ತಿರುಗಿಸಬೇಕು ಎಂಬುದು ಅತ್ತೆಯವರಿಗೂ ದೊಡ್ಡ ಮಗುವಿಗೂ ಗೊತ್ತಿರಲಿ.

ಸೋಲಾರಿಗೆ ಬೇರೆ ಸ್ವಿಚ್ ಬೇಕು. ಹಗಲಿನಲ್ಲಿ ಪ್ಯಾನೆಲ್ಲಿಗೆ ಬಿಸಿಲು ಬೀಳುತ್ತಿರುವವರೆಗೆ ಅದರಿಂದ ಇಳಿಯುವ ತಂತಿಗಳು ಜೀವಂತ. ಬ್ಯಾಟರಿ ಕಡಿದರೂ ಅವು ಜೀವಂತ. ಇದರ ಜೊತೆಗೆ ಒಂದು ಸೂಕ್ಷ್ಮವಿದೆ. ಮನೆಗೆ ಬರುವ ಎಸಿ ವಿದ್ಯುತ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನಾಗಿ ಆರುತ್ತದೆ. ಡಿಸಿ ಹಾಗೆ ಇಳಿಯುವುದೇ ಇಲ್ಲ, ಕಿಡಿ ಎಳೆದುಕೊಂಡೇ ಇರುತ್ತದೆ. ಎರಡು ಮೂರು ಪ್ಯಾನೆಲ್ ಸರಣಿಯಾಗಿ ಸೇರಿಸಿದ ಕಡೆ ಮನೆಯ ಮಾಮೂಲಿ ಎಂಸಿಬಿ ಹಾಕಿದರೆ ಅದನ್ನು ಆರಿಸಿದ ಗಳಿಗೆಯಲ್ಲೇ ಒಳಗೆ ಹೊತ್ತಿಕೊಳ್ಳಬಹುದು. ಪಾವಗಡದ 2050 ಮೆಗಾವಾಟ್ ಸೋಲಾರ್ ಪಾರ್ಕ್ ಬಂದ ಮೇಲೆ ನಮ್ಮ ಸೀಮೆಯಲ್ಲಿ ಡಿಸಿ ಕೆಲಸ ಬಲ್ಲ ಹುಡುಗರಿಗೆ ಕೊರತೆಯಿಲ್ಲ. ಗಾಡಿಯ ಮೆಕ್ಯಾನಿಕ್ ಒಬ್ಬರಿಗೇ ಎಲ್ಲವನ್ನೂ ಒಪ್ಪಿಸುವ ಬದಲು ಸೋಲಾರ್ ಅಳವಡಿಸಿ ಪಳಗಿದವರೊಬ್ಬರನ್ನು ಜೊತೆಗೆ ಕರೆಸಿಕೊಳ್ಳುವುದು ಒಳ್ಳೆಯದು.

ಥಿಂಬಲ್‌ಗಳನ್ನು ನೀವೇ ಕಣ್ಣಿಟ್ಟು ನೋಡಬೇಕು. ದಪ್ಪ ತಂತಿಯ ತುದಿಗೆ ಹಾಕುವ ತಾಮ್ರದ ಥಿಂಬಲನ್ನು ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣದಿಂದ ಒತ್ತಿದ್ದರೆ ಆರು ಮೂಲೆಯ ಅಚ್ಚು ಒಂದೇ ಸಮನಾಗಿ ಕಾಣುತ್ತದೆ. ಸುತ್ತಿಗೆಯಿಂದ ಬಡಿದಿದ್ದರೆ ಒಂದು ಕಡೆ ಚಪ್ಪಟೆಯಾಗಿ, ಇನ್ನೊಂದು ಕಡೆ ಎಳೆಗಳ ನಡುವೆ ಸಂದು ಉಳಿದಿರುತ್ತದೆ. ಆ ಸಂದಿನಿಂದ 5 ಮಿಲಿಓಮ್ ರೋಧ ಹೆಚ್ಚಾದರೂ 170 ಆಂಪಿಯರಿಗೆ ಆ ಒಂದು ಬಿಂದುವಿನಲ್ಲಿ ಸುಮಾರು 145 ವಾಟ್ ಶಾಖ ಹುಟ್ಟುತ್ತದೆ. ಸೀಸ ಕರಗಿಸುವ ಸಾಧಾರಣ ಸಾಲ್ಡರಿಂಗ್ ಕಡ್ಡಿಯ ಶಕ್ತಿ 25 ವಾಟ್ ಮಾತ್ರ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಬಿಸಿಯಾದ ಥಿಂಬಲ್ ತನ್ನ ಕೆಂಬಣ್ಣ ಕಳೆದುಕೊಂಡು ನೇರಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ಹಿಂದಿನ ಹೊದಿಕೆ ಗಡುಸಾಗಿ, ಬಾಗಿಸಿದರೆ ಚಟ್ಟನೆ ಬಿರಿಯುತ್ತದೆ. ಹಾಗಿರುವ ಯಾವುದನ್ನೂ ಟೇಪು ಸುತ್ತಿ ಉಳಿಸಿಕೊಳ್ಳಬಾರದು. ತಂತಿ ತಿರುಚಿ ಟೇಪು ಸುತ್ತಿದ ಜೋಡಣೆ ಒಂದು ಕಣ್ಣಿಗೆ ಬಿದ್ದರೂ ಇಡೀ ವ್ಯಾನಿನ ವೈರಿಂಗನ್ನು ಬಿಚ್ಚಿ ಪರೀಕ್ಷಿಸಿ, ಏಕೆಂದರೆ ಒಂದು ಕಡೆ ಹಾಗೆ ಮಾಡಿದ ಕೈ ಇನ್ನೊಂದು ಕಡೆಯೂ ಹಾಗೆಯೇ ಮಾಡಿರುತ್ತದೆ. ಗಾಡಿ ಹಳ್ಳಿ ರಸ್ತೆಯಲ್ಲಿ ಕುಲುಕುತ್ತದೆ, ನಟ್ಟುಗಳು ಸಡಿಲವಾಗುತ್ತವೆ. ಸ್ಪ್ರಿಂಗ್ ವಾಷರ್ ಹಾಕಿಸಿ, ಆರು ತಿಂಗಳಿಗೊಮ್ಮೆಯಾದರೂ ಬಿಗಿ ನೋಡಿಸಿ.

ಇಷ್ಟೆಲ್ಲ ಆದ ಮೇಲೂ ಹೊಗೆ ಕಂಡರೆ ಏನು ಮಾಡಬೇಕು? ಓಡುತ್ತಿದ್ದರೆ ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಲ್ಲರನ್ನೂ ರಸ್ತೆಯಿಲ್ಲದ ಬದಿಗೆ ಇಳಿಸಿ. ಬೇಸಿಗೆಯಲ್ಲಿ ಆವಲಬೆಟ್ಟ, ಸ್ಕಂದಗಿರಿ, ದೇವರಾಯನದುರ್ಗದ ಸುತ್ತ ಹುಲ್ಲು ಒಣಗಿ ನಿಂತಿರುತ್ತದೆ. ಹುಲ್ಲಿನ ಮೇಲೆ ನಿಲ್ಲಿಸಿದರೆ ವ್ಯಾನಿನ ಬೆಂಕಿ ಗುಡ್ಡಕ್ಕೆ ಹಬ್ಬುತ್ತದೆ. ಇಳಿದವರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಹೊಗೆ ತಾಗದಷ್ಟು ದೂರ ಹೋಗಿ ನಿಂತು 112 ಅಥವಾ 101ಕ್ಕೆ ಕರೆ ಮಾಡಲಿ. ನಿಂತ ಊರು, ರಸ್ತೆಯ ಕಿಲೋಮೀಟರ್ ಕಲ್ಲು ಹೇಳುವುದರ ಜೊತೆಗೆ ಗಾಡಿಯಲ್ಲಿ ಲಿಥಿಯಂ ಬ್ಯಾಟರಿಯಿದೆ, ಗ್ಯಾಸ್ ಸಿಲಿಂಡರ್ ಇದೆ ಅಥವಾ ಇಲ್ಲ ಎಂಬುದನ್ನು ತಪ್ಪದೆ ಹೇಳಬೇಕು. ಬರುವವರು ಅದಕ್ಕೆ ತಕ್ಕಂತೆ ಸಿದ್ಧರಾಗಿ ಬರುತ್ತಾರೆ. ಒಬ್ಬರು ಮಾತ್ರ ಬಾಗಿಲ ಬಳಿ ನಿಂತು ಕಟ್‌ಆಫ್ ತಿರುಗಿಸಲಿ, ಸೋಲಾರ್ ಸ್ವಿಚ್ ಆರಿಸಲಿ. ಹೋಂಸ್ಟೇ ಅಥವಾ ಮನೆಯಿಂದ ಎಕ್ಸ್‌ಟೆನ್ಷನ್ ಎಳೆದುಕೊಂಡಿದ್ದರೆ ಅದನ್ನು ಗೋಡೆಯ ಕಡೆಯಿಂದಲೇ ಕೀಳಬೇಕು. ಬಹಳಷ್ಟು ತಂತಿ ಬೆಂಕಿಗಳು ಈ ಹಂತದಲ್ಲೇ ಸೊರಗುತ್ತವೆ.

ಸೀಟಿನ ಹಲಗೆಯನ್ನು ಪೂರ್ತಿ ಎತ್ತಿದಾಗ ಭಗ್ಗೆಂದಿತು ಎಂದಿರಿ. ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ಸಾಲದೆ ಹೊಗೆಯಾಡುತ್ತಿದ್ದ ಬೆಂಕಿಗೆ ಒಮ್ಮೆಗೇ ಗಾಳಿ ಸಿಕ್ಕಿತು. ಮುಂದೆ ಎಂದಾದರೂ ಹಾಗಾದರೆ ಹಲಗೆಯನ್ನು ಎರಡು ಬೆರಳಿನಷ್ಟು ಮಾತ್ರ ಎತ್ತಿ, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಆ ಸಂದಿನಿಂದಲೇ ಅಗ್ನಿಶಾಮಕದ ಪುಡಿಯನ್ನು ಒಳಗೆ ಹೊಡೆದು, ಹಲಗೆಯನ್ನು ಮತ್ತೆ ಮುಚ್ಚಬೇಕು. ಒಂದು ಅಗ್ನಿಶಾಮಕ ಖಾಲಿಯಾದ ಮೇಲೂ ಬೆಂಕಿ ಉಳಿದಿದ್ದರೆ, ಬ್ಯಾಟರಿಯಿಂದಲೇ ಬಿಳಿಯ ದಟ್ಟ ಆವಿ ಸಿಳ್ಳಿನ ಸದ್ದಿನೊಂದಿಗೆ ಬರುತ್ತಿದ್ದರೆ, ಅಥವಾ ಜ್ವಾಲೆ ಗ್ಯಾಸ್ ಸಿಲಿಂಡರಿನ ಕಡೆ ವಾಲಿದ್ದರೆ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು; ವ್ಯಾನ್ ಬಿಟ್ಟು ದೂರ ಹೋಗಿ. ಲಿಥಿಯಂ ಬ್ಯಾಟರಿಯ ಆವಿಯಲ್ಲಿ ಹೊತ್ತಿಕೊಳ್ಳುವ ಅನಿಲಗಳೂ ಶ್ವಾಸಕೋಶವನ್ನು ಕೊರೆಯುವ ಹೈಡ್ರೋಜನ್ ಫ್ಲೋರೈಡೂ ಇರುತ್ತವೆ. ಸಿಲಿಂಡರ್ ಇದ್ದರೆ ನೂರು ಮೀಟರಾದರೂ ದೂರವಿರಬೇಕು. ಮೊಬೈಲು, ಒಡವೆ, ಆರ್‌ಸಿ ಪುಸ್ತಕ ಯಾವುದಕ್ಕೂ ಹಿಂದಿರುಗಿ ಹೋಗಬಾರದು. ಯಾರಿಗಾದರೂ ಸುಟ್ಟಿದ್ದರೆ ಬಳೆ, ಉಂಗುರ ತೆಗೆದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಿಡಿದು, ಶುಭ್ರವಾದ ಬಟ್ಟೆ ಹೊದಿಸಿ 108ಕ್ಕೆ ಕರೆ ಮಾಡಿ. ಟೂತ್‌ಪೇಸ್ಟ್, ಇಂಕು, ಅರಿಸಿನ ಯಾವುದನ್ನೂ ಹಚ್ಚಬೇಡಿ.

ನೀರಿನ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ನಿಮ್ಮ ಯಜಮಾನರು ನೀರು ಸುರಿದಾಗ ಇನ್ವರ್ಟರ್ ಚಾಲೂ ಇದ್ದಿದ್ದರೆ ಅದರ ಹೊರಗಿನ ಕಡೆ 230 ವೋಲ್ಟ್ ಇರುತ್ತದೆ, ಆ ನೀರಿನಲ್ಲಿ ನಿಂತವರ ಪ್ರಾಣಕ್ಕೇ ಅಪಾಯ. ಆದ್ದರಿಂದ ವಿದ್ಯುತ್ ಕಡಿಯುವ ಮುನ್ನ ನೀರು ಬೇಡ. ಕಡಿದ ಮೇಲೆ ನೀರು ಮಿತ್ರ: ಪುಡಿ ಜ್ವಾಲೆಯನ್ನು ಆರಿಸುತ್ತದೆಯೇ ಹೊರತು ತಣ್ಣಗೆ ಮಾಡುವುದಿಲ್ಲ, ಫೋಮು, ಪ್ಲೈವುಡ್ಡಿನ ಒಳಗೆ ಕೆಂಡ ಉಳಿದಿರುತ್ತದೆ, ಅದನ್ನು ನೆನೆಸಿ ತಣಿಸಬೇಕು. ಲಿಥಿಯಂ ಬ್ಯಾಟರಿಯೇ ಹೊತ್ತಿಕೊಂಡಾಗ ಅಗ್ನಿಶಾಮಕ ದಳದವರು ಬಳಸುವುದೂ ಧಾರಾಳವಾದ ನೀರನ್ನೇ, ಆದರೆ ಅದಕ್ಕೆ ಬಿಂದಿಗೆ ಸಾಲದು. ಅದು ಉಸಿರಾಟದ ಉಪಕರಣ ಧರಿಸಿದವರ ಕೆಲಸ.

ಅಗ್ನಿಶಾಮಕಗಳಲ್ಲಿ ಐಎಸ್ 15683 ಗುರುತಿರುವ ಎರಡು ಕೆಜಿಯ ಎಬಿಸಿ ಪುಡಿಯದ್ದನ್ನು ಪಕ್ಕದ ಬಾಗಿಲಲ್ಲಿ ಒಂದು, ಚಾಲಕರ ಕೈಗೆಟುಕುವಂತೆ ಇನ್ನೊಂದು ಇಡಿ. ಹಾಸಿಗೆಯ ಅಡಿಯಲ್ಲಿಟ್ಟ ಅಗ್ನಿಶಾಮಕ ಬೆಂಕಿಯ ಆಚೆಗೆ ಉಳಿಯುತ್ತದೆ. ಅದರ ಪುಡಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುವುದರಿಂದ ಪಿನ್ ಎಳೆದ ಮೇಲೆ ಜ್ವಾಲೆಯ ತುದಿಗೆ ಹೊಡೆಯದೆ ಬುಡಕ್ಕೆ ಹಿಡಿದು ಎಡಬಲಕ್ಕೆ ಆಡಿಸಬೇಕು. ಗಾಡಿಯ ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲುಗಾಡಿಸಿ, ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಕಾರ್ಬನ್ ಡೈಆಕ್ಸೈಡಿನ ಅಗ್ನಿಶಾಮಕ ವಿದ್ಯುತ್ ಬೆಂಕಿಗೆ ಒಳ್ಳೆಯದೇ ಆದರೂ ವ್ಯಾನಿನಂಥ ಮುಚ್ಚಿದ ಜಾಗದಲ್ಲಿ ಉಸಿರಿನ ಗಾಳಿಯನ್ನೇ ಹೊರದೂಡುತ್ತದೆ; ಜನ ಮಲಗುವ ವ್ಯಾನಿಗೆ ನಾನು ಅದನ್ನು ಹೇಳುವುದಿಲ್ಲ. ಬ್ಯಾಟರಿಯ ಪೆಟ್ಟಿಗೆಯ ಹತ್ತಿರ ಹೊಗೆ ಪತ್ತೆಯ ಅಲಾರಂ ಒಂದನ್ನು ಮಾತ್ರ ಮರೆಯಬೇಡಿ. ನಿದ್ದೆಯಲ್ಲಿ ಮೂಗು ನಮ್ಮನ್ನು ಎಬ್ಬಿಸುವುದಿಲ್ಲ. ಹಿಂದಿನ ಬಾಗಿಲಿಗೆ ಅಡ್ಡಲಾಗಿ ಹಾಸಿಗೆ ಕಟ್ಟಿದ್ದರೆ ಆ ಬಾಗಿಲು ಒಳಗಿನಿಂದ ತೆರೆಯುವಂತಿರಬೇಕು. ಅತ್ತೆಯವರು ಮಲಗುವ ಜಾಗ ಪಕ್ಕದ ಬಾಗಿಲಿಗೆ ಹತ್ತಿರವಾಗಿರಲಿ.

ಆ ಬ್ಯಾಟರಿಯ ಬಗ್ಗೆ. ಅದರ ಮೇಲೆ 12.8 ವೋಲ್ಟ್ ಎಂದಿದ್ದರೆ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು. ಲಿಥಿಯಂ ಬ್ಯಾಟರಿಗಳಲ್ಲಿ ಅದು ಹೆಚ್ಚು ಬಿಸಿಯನ್ನು ತಾಳುವ ಜಾತಿ. ಹಾಗಿದ್ದರೂ ಜ್ವಾಲೆ ತಾಗಿ ಮೇಲಿನ ಡಬ್ಬ ಕರಗಿದ್ದರೆ, ಉಬ್ಬಿದ್ದರೆ, ಸಿಹಿಯಾದ ಥಿನ್ನರಿನಂಥ ವಾಸನೆ ಬರುತ್ತಿದ್ದರೆ, ಸುರಿದ ನೀರು ಒಳಗೆ ಹೋಗಿದ್ದರೆ ಅದನ್ನು ಮತ್ತೆ ಬಳಸಲೇಬಾರದು. ಇವ್ಯಾವುವೂ ಇಲ್ಲದಿದ್ದರೂ ಬಿಚ್ಚಿ ನೋಡಬಲ್ಲವರಿಂದ ನಾಲ್ಕು ಸೆಲ್ಲುಗಳ ವೋಲ್ಟೇಜನ್ನು ಬೇರೆ ಬೇರೆಯಾಗಿ ಅಳೆಯಿಸಿ; ವಿಶ್ರಾಂತಿಯಲ್ಲಿ ಅವು 3.2-3.3ರ ಸುತ್ತ, ಪರಸ್ಪರ ಬಹಳ ಹತ್ತಿರವಾಗಿರಬೇಕು. ಬಿಎಂಎಸ್ ಬದಲಿಸುವುದೇ ಕ್ಷೇಮ. ಪರೀಕ್ಷೆ ಆಗುವವರೆಗೆ ಅದನ್ನು ಮನೆಯ ಪೋರ್ಟಿಕೋದಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಇಡದೆ, ಬಯಲಿನಲ್ಲಿ ಕಲ್ಲುಚಪ್ಪಡಿಯ ಮೇಲೆ, ಮಳೆ ಬಿಸಿಲು ತಾಗದಂತೆ ಇಡಿ. ಪೆಟ್ಟು ತಿಂದ ಲಿಥಿಯಂ ಸೆಲ್ಲು ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಕಳಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಪಾಸಿಟಿವ್ ಮೊದಲು. ಕೈಯಲ್ಲಿ ಬಳೆ, ಕಡಗ, ಉಂಗುರ ಇರಬಾರದು. ಬಿಸಾಡಬೇಕಾಗಿ ಬಂದರೆ ಗುಜರಿಗೆ ಹಾಕದೆ ಮಾರಿದವರಿಗೇ ಹಿಂದಿರುಗಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಪಡೆದು ವಿಲೇವಾರಿ ಮಾಡುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ರಿಪೇರಿಗೆ ಕೈ ಹಾಕುವ ಮುನ್ನ ಸುಟ್ಟ ಜಾಗದ ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸೀಟು ತೆಗೆದು ಹಾಸಿಗೆ ಕಟ್ಟಿಸಿದ್ದನ್ನು ಆರ್‌ಟಿಒ ದಾಖಲೆಯಲ್ಲಿ ಸರಿಪಡಿಸಿಕೊಂಡಿದ್ದೀರಾ ಎಂದು ಈ ಸಂದರ್ಭದಲ್ಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟ.

ಹೊಸ ವೈರಿಂಗ್ ಮುಗಿದ ದಿನವೇ ಪ್ರಯಾಣ ಹೊರಡಬೇಡಿ. ವ್ಯಾನನ್ನು ಮನೆಯ ಮುಂದೆ ಬಯಲಿನಲ್ಲಿ ನಿಲ್ಲಿಸಿ, ಪೆಟ್ಟಿಗೆಯ ಹಲಗೆಗಳನ್ನು ತೆರೆದಿಟ್ಟು, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಪೂರ್ತಿ ಉರಿಯಲ್ಲಿ ಅರ್ಧ ಗಂಟೆ ಓಡಿಸಿ. ಎಲೆಕ್ಟ್ರಿಷಿಯನ್ ಎದುರಿಗಿದ್ದು ಡಿಸಿ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಪ್ರವಾಹ ನೋಡಲಿ, ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ನನ್ನು ಒಂದೊಂದು ಥಿಂಬಲಿಗೂ ಫ್ಯೂಸಿನ ಎರಡೂ ತುದಿಗೂ ಕಟ್‌ಆಫಿನ ಬೋಲ್ಟಿಗೂ ಹಿಡಿಯಲಿ. ಎಲ್ಲ ಜೋಡಣೆಗಳೂ ಹೆಚ್ಚುಕಡಿಮೆ ಒಂದೇ ಬಿಸಿ ತೋರಿಸಬೇಕು. ಯಾವುದಾದರೂ ಒಂದು ಉಳಿದವಕ್ಕಿಂತ 15-20 ಡಿಗ್ರಿ ಹೆಚ್ಚಿದ್ದರೆ ಆ ಜೋಡಣೆಯನ್ನು ಕಡಿದು ಹೊಸದಾಗಿ ಕ್ರಿಂಪ್ ಮಾಡಿಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿಸಿ. ಕೊನೆಯಲ್ಲಿ ಒಲೆ ಉರಿಯುತ್ತಿರುವಾಗಲೇ ಬಾಗಿಲ ಬಳಿಯ ಕಟ್‌ಆಫನ್ನು ನೀವೇ ಒಮ್ಮೆ ತಿರುಗಿಸಿ, ಒಲೆ ತಕ್ಷಣ ಆರಿತೇ ಎಂದು ನೋಡಿಕೊಳ್ಳಿ.